ಮಧ್ಯಾಹ್ನದ ಗಾಳಿ

5 ಜನವರಿ 1958, ಭಾನುವಾರ

ಅಂಜನಾಪುರದಲ್ಲಿ ಬೆಳಿಗ್ಗೆ ಎಂಟಕ್ಕೇ ನೀರಿಗಿಳಿದದ್ದು. ಹರಿಗೋಲಿನ ತಳ ಇನ್ನೂ ಜಿನುಗುತ್ತಿದೆ. ಮತ್ತೊಂದು ಸಲ ಟಾರು ಬಳಿಯಬೇಕು.

ಈ ವರ್ಷ ಕಡಲಿಗೆ ಹೋಗುವವರು ನಾವು ನಾಲ್ಕೇ ಜನ. ನಾನು. ಶಿಕಾರಿಪುರದ ಬೆಲ್ಲದ ಅಂಗಡಿ ಶಿವಮೂರ್ತಪ್ಪ. ಅಂಜನಾಪುರದವನೇ ಆದ ಹುಚ್ಚರಾಯಪ್ಪ—ಗದ್ದೆ ಕೊಯ್ಲು ಮುಗಿಸಿ ಬಂದಿದ್ದಾನೆ, ಹರಿಗೋಲು ಅವನದೇ. ಮತ್ತೆ ಸೊರಬದಿಂದ ವೀರಬಸಪ್ಪ, ನನ್ನ ತಂಗಿ ರಾಜಿಯ ಗಂಡ. ತಂಗಿಯ ಗಂಡನೆಂದು ಬಿಡಲಿಲ್ಲ, ಅವನ ಕೈಗೂ ಹುಟ್ಟು ಕೊಟ್ಟೆ. ಹರಿಗೋಲು ಗಿರಗಿರ ತಿರುಗಿತು. ಎರಡೂ ಕೈಯಲ್ಲಿ ಅಂಚು ಹಿಡಿದು ಕೂಗಿದ—

“ಭಾವಾ, ಇದಕ್ಕೆ ಬ್ರೇಕ್ ಎಲ್ಲೈತ್ರೀ?”

ಸೈಕಲ್ ಶಾಪಿನವನು. ಎಲ್ಲಕ್ಕೂ ಬ್ರೇಕ್ ಹುಡುಕುತ್ತಾನೆ.

“ಕೆರೆ ನೀರಿಗೇ ಹಿಂಗಾದ್ರೆ ಕಡಲಿಗೆ ಏನ್ ಮಾಡ್ತೀಯೋ?” ಎಂದೆ.

“ಕಡಲಲ್ಲಿ ನೀವಿರ್ತೀರಲ್ಲ.”

ಸಂಜೆ ಬಸ್ಸು ಹತ್ತಿಸಿ ಬಂದೆ. ಅವನಿಗೆ ಈಜು ಬಾರದು. ಪರವಾಗಿಲ್ಲ. ಒಂಬತ್ತು ವರ್ಷದಲ್ಲಿ ನನ್ನ ಜೊತೆ ಬಂದವರಲ್ಲಿ ಅರ್ಧ ಜನಕ್ಕೆ ಈಜು ಬರುತ್ತಿರಲಿಲ್ಲ. ಒಬ್ಬರ ಕಾಲಿಗೂ ಮುಳ್ಳು ಚುಚ್ಚಿಲ್ಲ.

12 ಜನವರಿ, ಭಾನುವಾರ. ಸೊರಬ

ರಾಜಿ ಮನೆಯಲ್ಲಿ ಊಟ. ಅವಳ ಅತ್ತೆ ದ್ಯಾಮಮ್ಮ ಎರಡು ಸಲ ಕೇಳಿದರು—ಗೋಕರ್ಣಕ್ಕೆ ಹೋಗೋರು ದೇವರು ನೋಡ್ಕೊಂಡು ಬರಬೇಕಪ್ಪ, ನೀರ ಮೇಲೆ ಏನ್ ಕೆಲಸ ನಿಮಗೆ?

ಏನೆಂದು ಹೇಳುವುದು. ನಲವತ್ತೊಂಬತ್ತರಲ್ಲಿ ನಾನೂ ದೇವರು ನೋಡಲೆಂದೇ ಹೋದವನು. ಹೆಂಡತಿ ತೀರಿಕೊಂಡ ವರ್ಷ ಅದು. ದಡದಲ್ಲಿ ಸುಮ್ಮನೆ ಕೂತಿದ್ದವನನ್ನು ಜಟ್ಟಿ ಹರಿಕಂತ್ರ ಎಂಬ ಅಂಬಿಗ ಕರೆದ, “ಬರ್ತ್ರಾ ಮಾಸ್ತರ್ರೆ, ಒಂದ್ ಸುತ್ತು?” ಅವನ ಪಾತಿ ದೋಣಿ—ಒಂದೇ ಮರ ಕೊರೆದು ಮಾಡಿದ್ದು, ಮೂವರು ಕೂತರೆ ತುಂಬಿತು. ಗುಡ್ಡದ ಬುಡಕ್ಕೇ ಹೋದೆವು. ಮೇಲೆ ಕಲ್ಲು, ಕಾಡು. ಕೆಳಗೆ ಹಸಿರು ನೀರು. ರಸ್ತೆ ಇಲ್ಲ, ಮನೆ ಇಲ್ಲ. ಅವತ್ತು ಅನ್ನ ರುಚಿಸಿತು ನನಗೆ. ಮಾರನೇ ವರ್ಷ ಇಬ್ಬರನ್ನು ಕರೆದುಕೊಂಡು ಹೋದೆ. ಆಮೇಲೆ ಅದೇ ರೂಢಿ. ಸಂಕ್ರಾಂತಿ ಕಳೆದ ವಾರ, ಗೋಕರ್ಣದಿಂದ ತದಡಿಯವರೆಗೆ, ದಡ ಹಿಡಿದು ಎರಡು ದಿನ. ಅಂಬಿಗ ಯಾವಾಗಲೂ ಜಟ್ಟಿಯೇ.

ಹೊರಡುವಾಗ ರಾಜಿ ಬಾಗಿಲವರೆಗೆ ಬಂದಳು.

“ಅಣ್ಣಾ, ಅವ್ರಿಗೆ ನೀರಂದ್ರ ಭಯ ಐತಿ. ನಿನಗ ಬ್ಯಾಸರ ಆಗಬಾರದು ಅಂತ ಹೂಂ ಅಂದಾರ.”

“ಭಯ ಬಿಡಿಸಾಕೇ ಕರ್ಕೊಂಡ್ ಹೋಗೋದು.”

“ಬಿಡಿಸ್ತೀಯೋ ಏನೋ. ಹೆಂಗ ಕರ್ಕೊಂಡ್ ಹೋಗ್ತೀಯೋ ಹಂಗ ಕರ್ಕೊಂಡ್ ಬಾ.”

ಅಪ್ಪ ಅವ್ವ ಹೋದಾಗ ಅವಳಿಗೆ ಒಂಬತ್ತು. ಸಾಕಿದ್ದು ನಾನು, ಗಂಡು ನೋಡಿದ್ದೂ ನಾನು. ಈಗಲೂ ಆಜ್ಞೆ ಮಾಡುವ ಧಾಟಿ ಬಿಟ್ಟಿಲ್ಲ.

18 ಜನವರಿ, ಶನಿವಾರ. ಸಂಜೆ 5

ಮರಳ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ಹೊರಟು, ಕಲ್ಲುಸಂದಿ ಸುತ್ತಿ ನೋಡುತ್ತಾ ನಿಧಾನಕ್ಕೆ ಹತ್ತೂವರೆಗೆ ದಡ ಸೇರಿದೆವು. ಎರಡು ಪಾತಿ. ಒಂದರಲ್ಲಿ ಜಟ್ಟಿ, ನಾನು, ವೀರಬಸಪ್ಪ. ಇನ್ನೊಂದರಲ್ಲಿ ಜಟ್ಟಿಯ ತಮ್ಮ, ಶಿವಮೂರ್ತಪ್ಪ, ಹುಚ್ಚರಾಯಪ್ಪ. ನೀರು ತುಪ್ಪದ ಹಾಗಿತ್ತು. ಕಲ್ಲಿನ ಸಂದಿಯಲ್ಲಿ ಆಮೆ ತಲೆ ಎತ್ತಿತು. ವೀರಬಸಪ್ಪ ಮೊದಲ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಒಂದು ಕಣ್ಣು. ಆಮೇಲೆ ಕೈಯನ್ನೇ ನೀರಿಗಿಟ್ಟ.

“ಉಪ್ಪೇ ಐತಲ್ರೀ ನಿಜವಾಗ್ಲೂ!”

ಎಲ್ಲರೂ ನಕ್ಕೆವು. ಮೂವತ್ತೆರಡು ವರ್ಷದ ಗಂಡಸು, ಬೆರಳು ನೆಕ್ಕಿ ನೋಡುತ್ತಿದ್ದಾನೆ.

ಜಟ್ಟಿಯದು ಒಂದೇ ನಿಯಮ. ಗಾಳಿ ಏಳುವ ಮುಂಚೆ ದಡದಲ್ಲಿರಬೇಕು. ಹನ್ನೊಂದರ ಮೇಲೆ ಪಾತಿ ನೀರಿಗಿಲ್ಲ. ಮಧ್ಯಾಹ್ನ ಪೂರ್ತಿ ನೆರಳಲ್ಲಿ. ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ. ಅಂಬಿಗರಿಬ್ಬರು ದೂರದಲ್ಲಿ ಮೀನು ಸುಟ್ಟುಕೊಂಡರು. ವೀರಬಸಪ್ಪ ಮರಳಲ್ಲಿ ಸೊರಬದ ಪೇಟೆ ಬರೆದು ತನ್ನ ಶಾಪು ಎಲ್ಲಿ ಅಂತ ಜಟ್ಟಿಗೆ ತೋರಿಸುತ್ತಿದ್ದ. “ಬಾರಪ್ಪ ಒಂದ್ಸಲ, ಬಾಡಿಗೆ ಸೈಕಲ್ ಪುಗಸಟ್ಟೆ ಕೊಡ್ತೀನಿ.”

19 ಜನವರಿ, ಭಾನುವಾರ. ಮಧ್ಯಾಹ್ನ 12.30

ಬೆಳಿಗ್ಗೆ ತಡವಾಯಿತು. ಶಿವಮೂರ್ತಪ್ಪನಿಗೆ ಹೊಟ್ಟೆ ಸರಿಯಿರಲಿಲ್ಲ. ಅರ್ಧ ದಾರಿಯ ಸಣ್ಣ ದಡದಲ್ಲಿ ಕೂತಿದ್ದೇವೆ. ತದಡಿ ಇನ್ನು ಒಂದೂವರೆ ಗಂಟೆ ಅಷ್ಟೆ, ಗುಡ್ಡ ಕಡಲಿಗೆ ಚಾಚಿದ ಮುಂದಿನ ಮೂಲೆ ದಾಟಿದರೆ ಆಯಿತು.

ಜಟ್ಟಿ ಇವತ್ತು ಇಲ್ಲೇ ಉಳಿಯೋಣ ಎನ್ನುತ್ತಾನೆ. “ಬ್ಯಾಡ್ರಾ ಮಾಸ್ತರ್ರೆ. ಗಾಳಿ ಎದ್ದದೆ. ನಾಳೆ ಬೆಳಗಾಮುಂಚೆ ಹೋಗ್ವ.”

ನಾಳೆ ಹೋದರೆ ಕುಮಟೆಯ ಬೆಳಗಿನ ಬಸ್ಸು ತಪ್ಪುತ್ತದೆ. ಮಂಗಳವಾರ ಹತ್ತಕ್ಕೆ ಸ್ಕೂಲಿಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ನನ್ನ ಕ್ಲಾಸೇ ಮೊದಲು. ರಜೆ ಕೊಡುವಾಗಲೇ ಹೆಡ್‌ಮಾಸ್ಟರು ಮುಖ ಸಿಂಡರಿಸಿದ್ದರು. ಗಾಳಿ ಅಂಥದ್ದೇನಿಲ್ಲ. ಬಿಳಿ ನೊರೆ ಅಲ್ಲೊಂದು ಇಲ್ಲೊಂದು. ಜಟ್ಟಿಗೆ ವಯಸ್ಸಾಗುತ್ತಿದೆ.

ವೀರಬಸಪ್ಪ ಏನೋ ಹೇಳುತ್ತಾ ಬರುತ್ತಿದ್ದಾನೆ. ಹೊರಡಬೇಕು.

27 ಜನವರಿ, ಸೋಮವಾರ. ಶಿಕಾರಿಪುರ

ವೀರಬಸಪ್ಪ ಇಲ್ಲ.

ಎಂಟು ದಿನವಾಯಿತು. ಬರೆಯದೆ ಇದ್ದರೆ ಆಗದು. ಬರೆದುಬಿಡುತ್ತೇನೆ.

ಮೂಲೆಯಲ್ಲಿ ನೀರೊಳಗೆ ಕಲ್ಲಿದೆ. ಅಲೆ ಅಲ್ಲಿ ಎದ್ದು ಒಡೆಯುತ್ತದೆ. ಪಾತಿ ಅಡ್ಡ ತಿರುಗಿತು. ಮಗುಚಿತು. ನನ್ನ ಕೈಗೆ ದೋಣಿಯ ತಳ ಸಿಕ್ಕಿತು. ವೀರಬಸಪ್ಪನಿಗೆ ಏನೂ ಸಿಗಲಿಲ್ಲ. ಜಟ್ಟಿ ಅವನಿಗಾಗಿ ಮೂರು ಸಲ ಮುಳುಗಿದ. ಮೂರನೇ ಸಲ ಮೇಲೆ ಬಂದಾಗ ಅವನ ಹಣೆ ಒಡೆದು ರಕ್ತ. ತಮ್ಮನ ಪಾತಿ ಹಿಂದಿತ್ತು, ಅದು ಬಂದು ನಮ್ಮಿಬ್ಬರನ್ನು ಎಳೆದುಕೊಂಡಿತು. ಕತ್ತಲಾಗುವವರೆಗೆ ಹುಡುಕಿದರು. ಮಾರನೇ ದಿನ ಹತ್ತು ದೋಣಿ. ಅದರ ಮಾರನೇ ದಿನವೂ. ದೇಹ ಸಿಗಲಿಲ್ಲ.

ಠಾಣೆಯಲ್ಲಿ ಒಬ್ಬರು ಕೇಳುತ್ತಾ ಹೋದರು, ಬರೆಯುತ್ತಾ ಹೋದರು. “ಗಾಳಿ ಇದೆ ಅಂತ ಗೊತ್ತಿದ್ದೂ ಅಂಬಿಗ ಹೊರಡಿಸಿದ, ಅಲ್ವೇನ್ರೀ?” ನಾನು ತಲೆ ಆಡಿಸಿದೆನೋ, ಸುಮ್ಮನಿದ್ದೆನೋ. ಓದಿ ಹೇಳಿದರು. ಸಹಿ ಮಾಡಿದೆ. ಶಿವಮೂರ್ತಪ್ಪ, ಹುಚ್ಚರಾಯಪ್ಪ ಕೂಡ ಮಾಡಿದರು. ಜಟ್ಟಿ ಹೆಬ್ಬೆಟ್ಟು ಒತ್ತಿದ. ಅವನಿಗೆ ಯಾರೂ ಓದಿ ಹೇಳಲಿಲ್ಲ.

ವೀರಬಸಪ್ಪ ಹೆದರಿರಲಿಲ್ಲ. ಅವನೇ ಮುಂದಾಗಿ ಹೋಗಿ ಪಾತಿಯಲ್ಲಿ ಕೂತ.

2 ಫೆಬ್ರವರಿ, ಭಾನುವಾರ. ಸೊರಬ

ಮನೆ ತುಂಬ ಜನ. ಮಣ್ಣು ಮಾಡಲು ದೇಹವಿಲ್ಲ. ಅಯ್ಯನವರು ಬಂದು ಏನು ಹೇಳಬೇಕೋ ಹೇಳಿದರು. ದ್ಯಾಮಮ್ಮ ಒಂದೇ ಮಾತು—“ಮೂರು ಹಿಡಿ ಮಣ್ಣು ಹಾಕಾಕೂ ಕೊಡಲಿಲ್ಲಲ್ಲಪ್ಪ.”

ರಾಜಿ ಅಳಲಿಲ್ಲ. ತಾಳಿ ಬಳೆ ತೆಗೆಯಲು ಬಂದ ಹೆಂಗಸರನ್ನು ನೋಡಿ, “ನಾನು ಹೆಣ ಕಂಡೀನೇನು? ನೀವು ಕಂಡೀರೇನು?” ಎಂದಳು. ಅವರು ಹಿಂದೆ ಸರಿದರು.

ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. “ಏನಾತು ಹೇಳು.” ಹೇಳಿದೆ. ಠಾಣೆಯಲ್ಲಿ ಬರೆದದ್ದನ್ನೇ ಹೇಳಿದೆ.

“ಆ ಅಂಬಿಗಗ ಕಣ್ಣಿರಲಿಲ್ಲೇನು?”

ಸುಮ್ಮನಿದ್ದೆ.

“ಅವನ ಮನೀನೂ ಹಿಂಗಾಗ್ಲಿ.”

ಬಾಗಿಲು ತೆಗೆದು ಹೊರಗೆ ಬಂದೆ.

6 ಏಪ್ರಿಲ್, ಭಾನುವಾರ

ಎರಡು ತಿಂಗಳು ಬರೆದಿಲ್ಲ. ಸ್ಕೂಲು, ಮನೆ. ಭಾನುವಾರ ಸೊರಬ. ಇನ್‌ಸ್ಪೆಕ್ಟರ್ ಆ ಮಂಗಳವಾರ ಬಂದೇ ಇರಲಿಲ್ಲ. ಅವರಿಗೆ ಜ್ವರವಂತೆ. ಮೊನ್ನೆ ಬಂದರು. ಐದು ನಿಮಿಷ ಕೂತು ಚಹಾ ಕುಡಿದು ಹೋದರು.

ರಾಜಿ ಸೈಕಲ್ ಶಾಪಿನ ಬಾಗಿಲು ತೆಗೆದಿದ್ದಾಳೆ. ನೆಂಟರೆಲ್ಲ ಬೇಡವೆಂದರು. ದ್ಯಾಮಮ್ಮ, “ಮುಚ್ಚಿಟ್ರೆ ಸೈಕಲ್ಲಿಗೆ ತುಕ್ಕು ಹಿಡಿತೈತೆ, ತೆಗಿ” ಎಂದರಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಟೈರು ಬಿಚ್ಚುತ್ತಾಳೆ. ಮೊದಲ ವಾರ ಜನ ನಿಂತು ನೋಡಿದರು. ಈಗ ಸೈಕಲ್ಲು ತಂದು ನಿಲ್ಲಿಸಿ ಹೋಗುತ್ತಾರೆ. ಪಂಕ್ಚರ್ ಹಾಕುವುದನ್ನು ಯಾರು ಕಲಿಸಿದರು ಎಂದು ಕೇಳಿದೆ. “ಆರು ವರ್ಷ ಕಂಡೀನಲ್ಲ, ಅವ್ರು ಮಾಡಾದು.”

ಊಟಕ್ಕೆ ಕೂತಾಗಲೆಲ್ಲ ಜಟ್ಟಿಗೆ ಶಾಪ. ತುತ್ತಿಗೊಂದು. ಎದುರಿಗೆ ಕೂತು ಉಣ್ಣುತ್ತೇನೆ. ಉಂಡು ಕೈ ತೊಳೆಯುತ್ತೇನೆ.

ಶಿವಮೂರ್ತಪ್ಪ ಪೇಟೆಯಲ್ಲಿ ಸಿಕ್ಕಿದರೆ ಆಚೆ ಬದಿಗೆ ಹೋಗುತ್ತಾನೆ.

12 ಅಕ್ಟೋಬರ್, ಭಾನುವಾರ. ಸೊರಬ

ಜಟ್ಟಿ ಬಂದಿದ್ದ.

ಮಧ್ಯಾಹ್ನ ಹನ್ನೆರಡು. ಜಗಲಿಯ ಮೇಲೆ ಕೂತಿದ್ದೆ. ರಸ್ತೆಯಲ್ಲಿ ಒಬ್ಬ ಮುದುಕ ಪ್ರತಿ ಮನೆಯನ್ನೂ ನೋಡುತ್ತಾ ಬರುತ್ತಿದ್ದ. ಅಂಗಳಕ್ಕೆ ಬಂದ ಮೇಲೆ ಗುರುತು ಹತ್ತಿತು. ಹಣೆಯ ಮೇಲೆ ಗಾಯದ ಗೆರೆ. ಶಿಕಾರಿಪುರಕ್ಕೆ ಹೋಗಿದ್ದನಂತೆ, ಸೊರಬಕ್ಕೆ ಹೋಗಿದ್ದಾರೆ ಎಂದರಂತೆ. ಸೈಕಲ್ ಶಾಪು ಕೇಳಿಕೊಂಡು ಬಂದಿದ್ದಾನೆ.

“ಪಾತಿ ಠಾಣೆಲಿ ಅದೆ ಮಾಸ್ತರ್ರೆ. ಬಿಡ್ಲಿಲ್ಲ. ಯಾರೂ ಕೆಲಸಕ್ಕೆ ಕರೂದಿಲ್ಲ. ಜೀವ ತೆಗ್ದವ್ನು ಅಂತ್ರು. ನೀವೊಂದ್ ಮಾತು ಬರ್ದ್ ಕೊಟ್ರೆ…”

ಒಳಗಿನಿಂದ ರಾಜಿ ಬಂದಳು. ಯಾರೆಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ—ಏನೇನೆಂದಳೋ ಬರೆಯಲಾರೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಜಟ್ಟಿ ಕೈಮುಗಿದು ನಿಂತೇ ಇದ್ದ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದ.

“ಮಾಸ್ತರ್ರೆ, ನೀವ್ ಹೇಳಿ.”

ಅಷ್ಟೇ. ಜಗಳವಿಲ್ಲ, ಸಿಟ್ಟಿಲ್ಲ. ನೀವ್ ಹೇಳಿ.

ನಾನು ಹೇಳಿದ್ದು: “ಈಗ ಹೋಗಪ್ಪ ನೀನು.”

ಹೊರಟ. ದ್ಯಾಮಮ್ಮ ಒಳಗಿಂದ ಎದ್ದು ಬಂದು ಕೂಗಿದರು. “ಏ ಯಪ್ಪಾ, ನಿಂತ್ಕೋ. ಉಣ್ಣೋ ಹೊತ್ನಾಗೆ ಬಂದೋನು ಹಂಗೇ ಹೋಗಬಾರದು.” ಜಗಲಿಯ ತುದಿಯಲ್ಲಿ ಎಲೆ ಹಾಕಿ ಅನ್ನ ಬಡಿಸಿದರು. ರಾಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ತಲೆ ಎತ್ತದೆ ಉಂಡ. ಎಲೆ ತಾನೇ ಎತ್ತಿದ. ನನ್ನ ಕಡೆ ನೋಡಲಿಲ್ಲ. ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ದ್ಯಾಮಮ್ಮನನ್ನೇ ಕೇಳಿ ಹೋದ.

13 ಅಕ್ಟೋಬರ್, ಸೋಮವಾರ. ಬೆಳಿಗ್ಗೆ

ಜನವರಿ ಇಪ್ಪತ್ತೇಳರ ಪುಟದಲ್ಲಿ ಕೊನೆಗೆ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ನಿಜ ಇದು:

ವೀರಬಸಪ್ಪ ಅವತ್ತು ಮರಳ ಮೇಲೆ ನಡೆದು ಬಂದು ಹೇಳಿದ್ದು—“ಭಾವಾ, ಗುಡ್ಡದ ಮೇಲೆ ಕಾಲುದಾರಿ ಐತಂತೆ. ಜಟ್ಟಿ ಹೇಳಿದ. ನೀವು ದೋಣೀಲಿ ಹೋಗ್ರಿ, ನಾನು ನಡ್ಕೊಂಡು ಬಂದು ಸೇರ್ಕೊಂತೀನಿ. ನನಗ್ಯಾಕೋ ಧೈರ್ಯ ಇಲ್ಲ.”

ನಾನು ಜೋರಾಗಿ ನಕ್ಕೆ. ಉಳಿದವರಿಗೆ ಕೇಳಲೆಂದೇ. “ನೋಡ್ರಪ್ಪೋ, ಸೊರಬದ ಅಳಿಯದೇವರಿಗೆ ಪಲ್ಲಕ್ಕಿ ಬೇಕಂತೆ! ಸೀರೆ ತಂದಿದ್ರೆ ಉಡಿಸಬಹುದಿತ್ತು.” ಶಿವಮೂರ್ತಪ್ಪ ನಕ್ಕ. ಹುಚ್ಚರಾಯಪ್ಪ ನಕ್ಕ. ವೀರಬಸಪ್ಪ ಕೂಡ ನಕ್ಕ. ಮುಖ ಕೆಂಪಾಗಿತ್ತು. ಪಂಚೆ ಮೇಲೆ ಕಟ್ಟಿ ಹೋಗಿ ಪಾತಿಯಲ್ಲಿ ಕೂತ. ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು.

ಜಟ್ಟಿ ಇನ್ನೊಮ್ಮೆ ಬ್ಯಾಡ್ರಾ ಎಂದ. “ಒಂಬತ್ತು ವರ್ಷದಿಂದ ಈ ಕಡಲು ನನಗೂ ಗೊತ್ತು, ನಡಿ” ಎಂದೆ. ಅವನು ನನ್ನ ಮುಖ ನೋಡಿ ಹುಟ್ಟು ಎತ್ತಿಕೊಂಡ. ನನ್ನ ಮಾತು ಮೀರಿ ಅವನಿಗೆ ರೂಢಿಯಿಲ್ಲ.

ಇದು ನಿಜ.

9 ನವೆಂಬರ್, ಭಾನುವಾರ. ಸೊರಬ

ಹೇಳಿದೆ.

ಮೂರು ಭಾನುವಾರ ಹೇಳಬೇಕೆಂದು ಹೋಗಿ ಉಂಡು ಬಂದಿದ್ದೆ. ಇವತ್ತು ಮನೆಗೆ ಹೋಗದೆ ನೇರ ಶಾಪಿಗೇ ಹೋದೆ. ಬಾಣಲೆಯ ನೀರಿಗೆ ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಜಟ್ಟಿ ಎರಡು ಸಲ ಬೇಡವೆಂದದ್ದು. ಇನ್‌ಸ್ಪೆಕ್ಟರ್. ನಾನೇ ಹೊರಡಿಸಿದ್ದು. ಠಾಣೆಯ ಸಹಿ.

ಅವಳು ತಲೆ ಎತ್ತಲಿಲ್ಲ. ಟ್ಯೂಬು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದಳು.

“ಅವ್ರು ಏನಂದ್ರು?”

“ಯಾರು?”

“ನನ್ನ ಗಂಡ. ಹತ್ತೋ ಮುಂದ ಏನಂದ್ರು?”

ಇದನ್ನು ಕೇಳುತ್ತಾಳೆಂದು ಅಂದುಕೊಂಡಿರಲಿಲ್ಲ. ಓಡಿಹೋಗಬಹುದಿತ್ತು. ಹೇಳಿದೆ. ನಡೆದುಕೊಂಡು ಬರುತ್ತೇನೆ ಎಂದ. ಧೈರ್ಯವಿಲ್ಲ ಎಂದ.

“ನೀ ಏನಂದಿ?”

ಅದನ್ನೂ ಹೇಳಿದೆ. ಸೀರೆಯ ಮಾತನ್ನೂ.

ಕೈ ನಿಂತಿತು. ನೀರಲ್ಲಿ ಸಣ್ಣ ಗುಳ್ಳೆ ಒಂದೊಂದೇ ಏಳುತ್ತಿತ್ತು. ತೂತಿನ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದಳು. ಟ್ಯೂಬು ಒರೆಸಿಟ್ಟಳು.

“ಆ ಮುದುಕ ಉಣ್ಣೋ ಮುಂದ ನಾನು ಒಳಗ ಕುಂತು ಬೈಯ್ಯಾಕ ಹತ್ತಿದ್ದೆ. ಅವಗ ಕೇಳಸ್ತಿತ್ತು. ನಿನಗೂ ಕೇಳಸ್ತಿತ್ತು.”

“ಹೂಂ.”

“ಹೋಗು. ಬರಸಿದ್ದು ತಿದ್ದಸು. ತಿದ್ದಿಸಿದ ಮ್ಯಾಲೂ ನನ್ನ ಜೋಡಿ ಮಾತಾಡಬ್ಯಾಡ.”

ಯಾರೋ ಸೈಕಲ್ಲು ತಂದರು. ಅವಳು ಎದ್ದು ಅವರ ಕಡೆ ಹೋದಳು.

22 ನವೆಂಬರ್, ಶನಿವಾರ. ಕುಮಟಾ

ಹೊಸ ಅಧಿಕಾರಿ. ಮರ್ಯಾದೆಯಿಂದ ಕೂರಿಸಿದರು. “ಮುಗಿದ ವಿಷಯ ಮೇಷ್ಟ್ರೇ. ಯಾಕೆ ಮೈಮೇಲೆ ಎಳ್ಕೊಳ್ತೀರಿ? ಸರ್ಕಾರಿ ನೌಕರರು ನೀವು.” ಬರೆಯಲು ಕಾಗದ ಕೇಳಿದೆ. ನನ್ನ ಕೈಯಲ್ಲೇ ಬರೆದೆ, ಎರಡು ಪುಟ. ಈ ಸಲ ಓದಿ ಸಹಿ ಹಾಕಿದೆ. ಇಲಾಖೆಗೆ ತಿಳಿಸಬೇಕಾಗುತ್ತದೆ ಎಂದರು. ತಿಳಿಸಿ ಎಂದೆ.

ಪಾತಿ ಹಿಂದಿನ ಅಂಗಳದಲ್ಲಿತ್ತು. ಬಿಸಿಲಿಗೆ ಹತ್ತು ತಿಂಗಳು. ಉದ್ದಕ್ಕೂ ಸೀಳು ಬಿಟ್ಟಿದೆ, ನನ್ನ ಕೈ ತೂರುವಷ್ಟು.

ಸಂಜೆ 4. ಜಟ್ಟಿ ಉಪ್ಪಿನ ಆಗರದಲ್ಲಿ ಸಿಕ್ಕಿದ. ಮಳೆಗೆ ಕುಸಿದ ಒಡ್ಡಿಗೆ ಮಣ್ಣು ಹೊರುತ್ತಿದ್ದಾನೆ. ಮೊಣಕಾಲವರೆಗೆ ಕೆಸರು. ಬುಟ್ಟಿ ಇಳಿಸಲಿಲ್ಲ. ಪಕ್ಕದಲ್ಲೇ ನಡೆಯುತ್ತಾ ಹೇಳಿದೆ, ಬರೆದುಕೊಟ್ಟಿದ್ದೇನೆ, ಪಾತಿ ಬಿಡುತ್ತಾರೆ ಎಂದು.

“ಸೀಳ್ಹೋಗದೆ ಅದು.”

“ಹೂಂ. ನೋಡಿದೆ.”

“ನೀರ್ ಕಾಣ್ದೆ ಇದ್ರೆ ಸೀಳ್ತದೆ.”

ಮಣ್ಣು ಸುರಿದ. ಕಾಲಲ್ಲಿ ತುಳಿದ. ತಪ್ಪಾಯಿತು ಎಂದೆ. ಕಾಲಿಗೆ ಬೀಳಲು ಬಗ್ಗಿದೆ. ಅವನು ಹಿಂದೆ ಸರಿದ.

“ಅದೆಲ್ಲ ಬ್ಯಾಡ. ಅವತ್ತೇ ಆ ಮನಿ ಬಾಗಿಲಲ್ಲಿ ಹೇಳಿದ್ರೆ ಸಾಕಿತ್ತು.” ಖಾಲಿ ಬುಟ್ಟಿ ಎತ್ತಿಕೊಂಡ. “ಬಾಯೋರು ಹ್ಯಾಂಗವ್ರೆ?”

“ಶಾಪು ನಡೆಸ್ತಾಳೆ.”

“ಹೌದಾ. ಒಳ್ಳೇದಾಯ್ತು.” ಮತ್ತೆ ಮಣ್ಣಿನ ಕಡೆ ಹೋದ.

ಒಂಬತ್ತು ವರ್ಷ ಅವನ ಬೆನ್ನು ನೋಡುತ್ತಾ ಕೂತವನು ನಾನು. ಇವತ್ತೂ ಬೆನ್ನೇ ಕಂಡದ್ದು.

11 ಜನವರಿ 1959, ಭಾನುವಾರ. ಉಳವಿ

ವರ್ಗದ ಆರ್ಡರ್ ಬಂದು ಮೂರು ವಾರ. ಇನ್‌ಕ್ರಿಮೆಂಟ್ ತಡೆದಿದ್ದಾರೆ. ಅಷ್ಟಕ್ಕೇ ಬಿಟ್ಟದ್ದು ದೊಡ್ಡದು. ಸೊರಬ ತಾಲೂಕಿನದೇ ಹಳ್ಳಿ ಇದು. ಒಂದೇ ಕೋಣೆಯ ಸ್ಕೂಲು, ನಾಲ್ಕು ಕ್ಲಾಸು, ನಾನೊಬ್ಬ.

ಬಸ್ಸು ಸೊರಬದಲ್ಲಿ ಸೈಕಲ್ ಶಾಪಿನ ಮುಂದೆಯೇ ಹಾದುಬರುತ್ತದೆ. ಎಡಬದಿಯ ಸೀಟು ಹಿಡಿಯುತ್ತೇನೆ. ಇವತ್ತು ಚೈನಿಗೆ ಎಣ್ಣೆ ಬಿಡುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯಲ್ಲಿ ಬಳೆ ಇತ್ತು.

ಹುಚ್ಚರಾಯಪ್ಪ ತಾನೂ ಹೋಗಿ ನಿಜ ಬರೆಸಿ ಬಂದನಂತೆ. ಶಿವಮೂರ್ತಪ್ಪ ಹೋಗಿಲ್ಲ.

24 ಜನವರಿ, ಶನಿವಾರ. ಉಳವಿ

ಸ್ಕೂಲು ಬಿಡುವ ಹೊತ್ತಿಗೆ ದ್ಯಾಮಮ್ಮ ಬಂದರು. ಒಬ್ಬರೇ, ಬಸ್ಸಿನಲ್ಲಿ. ಮಕ್ಕಳ ಮಣೆಯ ಮೇಲೆ ಕೂತು ನೀರು ಕುಡಿದು ಸುಧಾರಿಸಿಕೊಂಡರು. ಈ ಒಂದು ವರ್ಷದಲ್ಲಿ ತುಂಬ ಇಳಿದಿದ್ದಾರೆ.

“ರಾಜಿ ಆ ಜಾಗ ನೋಡಬೇಕಂತಾಳೆ. ಮಗ ಹೋದ ಜಾಗ. ನನ್ ಕೈಲಿ ಅಷ್ಟು ದೂರ ಆಗಾದಿಲ್ಲ. ದಾರಿ ಗೊತ್ತಿರಾದು ನಿನಗೊಬ್ಬಗೆ.”

“ನಾನು ಕರ್ಕೊಂಡು ಹೋಗ್ತೀನಿ ಅತ್ತೆ.”

“ಮಾತಾಡಲ್ಲಂತೆ ನಿನ್ ಹತ್ರ. ಮೊದಲೇ ಹೇಳಿ ಬಾ ಅಂದಾಳೆ. ಇನ್ನೊಂದೂ ಅಂದಾಳೆ—ದೋಣಿಗೆ ಮಾತ್ರ ನೀನು ಹತ್ತಂಗಿಲ್ಲ.”

ಹೂಂ ಎಂದೆ. ಅವರು ಎದ್ದು ನನ್ನ ತಲೆಯ ಮೇಲೆ ಕೈ ಇಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

1 ಫೆಬ್ರವರಿ, ಭಾನುವಾರ. ಸಂಜೆ. ಗೋಕರ್ಣ

ದಾರಿಯುದ್ದಕ್ಕೂ ಅವಳು ಕಿಟಕಿ, ನಾನು ಹಿಂದಿನ ಸೀಟು. ಘಟ್ಟದ ತಿರುವಿನಲ್ಲಿ ಅವಳಿಗೆ ತಲೆ ಸುತ್ತಿತು. ನಿಂಬೆಹಣ್ಣು ಮುಂದೆ ಚಾಚಿದೆ. ತೆಗೆದುಕೊಂಡಳು. ತಿರುಗಲಿಲ್ಲ.

ಜಟ್ಟಿಗೆ ಮೊದಲೇ ಹೇಳಿ ಕಳಿಸಿದ್ದೆ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ. ದಡದಲ್ಲಿ ತಮ್ಮನ ಪಾತಿಯ ಪಕ್ಕ ಕೂತಿದ್ದ. ರಾಜಿ ಹತ್ತಿರ ಹೋಗಿ ನಿಂತಳು. ಕಡಲು ನೋಡಲೇ ಇಲ್ಲ, ಮೊದಲು ಅವನನ್ನು ನೋಡಿದಳು.

“ನಿಮಗ ಬಾಯಿಗೆ ಬಂದಂಗ ಅಂದೆ. ಹೊಟ್ಟ್ಯಾಗ ಹಾಕ್ಕೊಳ್ರಿ ಯಪ್ಪಾ.”

ಜಟ್ಟಿ ಎದ್ದು ನಿಂತ. ತಲೆಗೆ ಸುತ್ತಿದ್ದ ಬಟ್ಟೆ ತೆಗೆದ. “ಗಂಡನ್ನ ಕಳ್ಕಂಡೋರು ಅಂದ್ರೆ ಅನ್ಬೇಕು. ಅವರು ನಂಗೆ ಸೈಕಲ್ ಕೊಡ್ತೆ ಅಂದಿದ್ರು, ತಾಯಿ.” ಅಷ್ಟು ಹೇಳಿ ಆ ಬಟ್ಟೆಯಿಂದ ಪಾತಿಯ ಅಂಚು ಒರೆಸತೊಡಗಿದ.

ಒಂದು ವರ್ಷದಲ್ಲಿ ರಾಜಿ ಅತ್ತದ್ದನ್ನು ನೋಡಿರಲಿಲ್ಲ. ಮರಳ ಮೇಲೆ ಕೂತು ಅತ್ತಳು. ಹತ್ತಿರ ಹೋಗಲು ನನಗೆ ಹಕ್ಕಿರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳ ಚೀಲ ಹಿಡಿದು ನಿಂತಿದ್ದೆ.

2 ಫೆಬ್ರವರಿ, ಸೋಮವಾರ. ಬೆಳಿಗ್ಗೆ 8.15

ಅರ್ಧ ದಾರಿಯ ಸಣ್ಣ ದಡ. ನಾನು ಗುಡ್ಡದ ಕಾಲುದಾರಿಯಲ್ಲಿ ನಡೆದು ಬಂದೆ, ಒಂದೂವರೆ ಗಂಟೆ. ದಾರಿ ಚೆನ್ನಾಗಿಯೇ ಇದೆ. ಎಲ್ಲೂ ಕಡಿದಾಗಿಲ್ಲ. ಯಾರು ಬೇಕಾದರೂ ನಡೆಯಬಹುದು.

ಅವರಿಬ್ಬರೇ ಪಾತಿಯಲ್ಲಿ ಬಂದು ಕಾಯುತ್ತಿದ್ದರು. ರಾಜಿಯ ಸೀರೆ ಮೊಣಕಾಲವರೆಗೆ ಒದ್ದೆ. ಹೆದರಿದ ಹಾಗೆ ಕಾಣಲಿಲ್ಲ. ಜಟ್ಟಿ ನೀರು ನೋಡಿದ, ಆಕಾಶ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

“ಹೋಗಬಹುದೇನ್ರೀ?”

“ಈಗ ಅಡ್ಡಿಲ್ಲ. ಮೂಲೆ ತಂಕ ಹೋಗಿ ನೋಡ್ಕಂಡು ಬರ್ವ. ಹತ್ತರೊಳಗೆ ಇಲ್ಲಿರ್ಬೇಕು.”

ಹೊರಟರು. ದ್ಯಾಮಮ್ಮ ಕೊಟ್ಟ ಗಂಟು ಅವಳ ಮಡಿಲಲ್ಲಿದೆ. ಸೊರಬದ ಮಣ್ಣು, ಮೂರು ಹಿಡಿ. ನಾನು ಇಲ್ಲಿ, ಮರಳ ಮೇಲೆ.

9.10

ಮೂಲೆ ತಿರುಗಿದರು. ಕಾಣುವುದಿಲ್ಲ. ನೀರು ಇನ್ನೂ ಶಾಂತವಾಗಿದೆ.

9.50

ಕಾಣುವುದಿಲ್ಲ. ಕಾಯುವುದು ಹೀಗಿರುತ್ತದೆಯೇ. ದಡದಲ್ಲಿ ಇರುವವನಿಗೆ ಮಾಡಲು ಏನೂ ಇಲ್ಲ. ಅವಳು ಜನವರಿಯ ಆ ಮೂರು ದಿನ ಬಾಗಿಲಲ್ಲಿ ಹೀಗೇ ಕೂತಿದ್ದಳಂತೆ.

10.20

ಗಾಳಿ ಬರುತ್ತಿದೆ. ಪುಟ ಹಾರುತ್ತದೆ, ಮೊಣಕೈ ಊರಿ ಬರೆಯುತ್ತಿದ್ದೇನೆ. ಹತ್ತರೊಳಗೆ ಎಂದಿದ್ದ. ಜಟ್ಟಿ ಮಾತು ತಪ್ಪುವವನಲ್ಲ. ಬಂಡೆ ಹತ್ತಿ ನೋಡಿದೆ. ಬರೀ ನೀರು.

10.35

ಕಂಡಿತು. ಮೂಲೆಯ ಈಚೆಗೆ, ಕಪ್ಪಗೆ. ಎರಡು ತಲೆ. ಎಣಿಸಿದೆ. ಮತ್ತೆ ಎಣಿಸಿದೆ. ಎರಡೇ. ಮುಂದೆ ಕೂತವಳು ರಾಜಿ, ಮಡಿಲು ಖಾಲಿ, ಕೈಗಳಲ್ಲಿ ಬಳೆ ಇದ್ದ ಹಾಗಿಲ್ಲ—ದೂರ, ಸರಿಯಾಗಿ ಕಾಣದು. ದಡದ ಹತ್ತಿರ ಅಲೆ ದೊಡ್ಡದಾಗಿದೆ. ಪಾತಿಯ ಮೂತಿ ಹಿಡಿಯಲು ನೀರಲ್ಲಿ ಒಬ್ಬ ಬೇಕು. ಜಟ್ಟಿ ಹುಟ್ಟು ಎತ್ತಿ ನನ್ನ ಕಡೆ ಬೀಸುತ್ತಿದ್ದಾನೆ. ಪುಸ್ತಕ ಬಂಡೆಯ ಮೇಲಿಟ್ಟು ನೀರಿಗಿಳಿಯುತ್ತೇನೆ.